ಪರದೇಶದಲ್ಲೊಂದು ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ತಮ್ಮ ಊರಿನ ಮನೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಹೇಳಿದ್ದಿರಬೇಕು. ಭಾಷೆ ಬೇರೆ, ಮಣ್ಣು ಬೇರೆ, ನೆರೆಹೊರೆಯವರ ರೀತಿನೀತಿ ಬೇರೆಯಾದ ಪರದೇಶದಲ್ಲಿ ಮನೆ ಮಾಡಿದವನ ಪಾಡು ಆ ಗಾದೆಯ ಲೆಕ್ಕಕ್ಕೆ ಬಂದಂತಿಲ್ಲ. ಅಂಥ ಮನೆ ತನ್ನ ಒಡೆಯನನ್ನು, ಆತನಿಗೆ ವಯಸ್ಸು ಎಷ್ಟೇ ಆಗಿರಲಿ, ಮತ್ತೊಮ್ಮೆ ಅಕ್ಷರಾಭ್ಯಾಸಕ್ಕೆ ಕೂರಿಸುತ್ತದೆ.

ಪ್ರವಾಸಿಗೆ ಈ ತೊಡಕಿಲ್ಲ. ಬಾಡಿಗೆಗೆ ಇರುವವನಾದರೂ ಸೂರು ಸೋರಿದರೆ ಮನೆಯೊಡೆಯನಿಗೆ ಹೇಳಿಕಳಿಸಿ ನಿಶ್ಚಿಂತನಾಗಬಹುದು. ಕೊಂಡವನಿಗೆ ಮಾತ್ರ ಅಲ್ಲಿನ ಮಳೆ, ಅಲ್ಲಿನ ಕಾಯಿದೆ, ಅಲ್ಲಿನ ನೆರೆಮನೆ ಎಲ್ಲವೂ ಸ್ವಂತ ವಿಷಯಗಳಾಗುತ್ತವೆ. ಬೆಂಗಳೂರು ಮೈಸೂರುಗಳ ಎಷ್ಟೋ ಕುಟುಂಬಗಳ ಮಕ್ಕಳು ಇಂದು ಅಮೆರಿಕದಲ್ಲಿ ಮನೆ ಕೊಂಡಿದ್ದಾರೆ. ಇಲ್ಲಿದ್ದಾಗ ಕುಡಿದ ಲೋಟವನ್ನೂ ತೊಳೆಯದಿದ್ದ ಮಗ ಅಲ್ಲಿ ನಸುಕಿನಲ್ಲೆದ್ದು, ಸಲಿಕೆ ಹಿಡಿದು, ಮನೆಯ ಮುಂದಿನ ಕಾಲುದಾರಿಯ ಹಿಮವನ್ನು ಎತ್ತಿಹಾಕುತ್ತಾನೆಂದು ಕೇಳಿ ತಾಯಂದಿರು ಬೆರಗಾಗುವುದುಂಟು. ಅಲ್ಲಿನ ಅನೇಕ ಊರುಗಳಲ್ಲಿ ಅದು ಮನೆಯೊಡೆಯನ ಹೊಣೆಯೆಂದು ನಗರಸಭೆಯ ಕಟ್ಟಳೆಯೇ ಇದೆ. ತಾಯಿಯ ಉಪದೇಶಕ್ಕೆ ಬಗ್ಗದ ಬೆನ್ನು ಕಟ್ಟಳೆಗೆ ಬಗ್ಗಿತು!

ಆದರೆ ಈ ವಿದ್ಯೆಯನ್ನು ಪೂರ್ಣವಾಗಿ ಕಲಿತವನೊಬ್ಬನ ಕಥೆ ನೂರಮೂವತ್ತು ವರ್ಷಗಳಿಗೂ ಹಿಂದಿನದು. ಅವನು ‘ಟ್ರೆಷರ್ ಐಲೆಂಡ್’ ಕಾದಂಬರಿಯಿಂದ ಮನೆಮಾತಾದ ರಾಬರ್ಟ್ ಲೂಯಿ ಸ್ಟೀವನ್ಸನ್. 1850ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹುಟ್ಟಿದ ಈತ ಬಾಲ್ಯದಿಂದಲೂ ರೋಗಿ. ಶ್ವಾಸಕೋಶದ ವ್ಯಾಧಿ ಆತನನ್ನು ಒಂದು ಊರಿನಿಂದ ಇನ್ನೊಂದಕ್ಕೆ, ಒಬ್ಬ ವೈದ್ಯನಿಂದ ಇನ್ನೊಬ್ಬನ ಬಳಿಗೆ ಅಟ್ಟಾಡಿಸುತ್ತಿತ್ತು. ಇಂಗ್ಲೆಂಡಿನ ಬೋರ್ನ್‌ಮತ್ ಎಂಬಲ್ಲಿ ಆತನಿಗೊಂದು ಮನೆಯಿತ್ತು. 1885ರಲ್ಲಿ ತಂದೆಯು ಸೊಸೆಗೆ ಉಡುಗೊರೆಯಾಗಿ ಕೊಟ್ಟದ್ದು. ಆ ಮನೆಯಲ್ಲಿ ಆತ ಬಹುಕಾಲ ಕಳೆದದ್ದು ಹಾಸಿಗೆಯ ಮೇಲೆ. ಬರೆಯುತ್ತಿದ್ದನೇನೋ ಸರಿ, ಆದರೆ ಮನೆಯ ಯಾವ ಭಾರವೂ ಆತನ ಹೆಗಲ ಮೇಲಿರಲಿಲ್ಲ.

ತಂದೆ ತೀರಿಕೊಂಡ ಮೇಲೆ ಸಂಸಾರಸಮೇತನಾಗಿ ಅಮೆರಿಕಕ್ಕೆ ಹೋಗಿ, 1888ರಲ್ಲಿ ಅಲ್ಲಿಂದ ಪೆಸಿಫಿಕ್ ಸಾಗರಕ್ಕೆ ಹಡಗೇರಿದನು. ಮರುವರ್ಷದ ಕೊನೆಗೆ ಸಮೋವಾ ದ್ವೀಪವನ್ನು ತಲುಪಿ, ಆಪಿಯಾ ಪಟ್ಟಣದಿಂದ ಮೂರು ಮೈಲಿ ಮೇಲೆ, ವಾಯಿಯಾ ಬೆಟ್ಟದ ತಪ್ಪಲಿನಲ್ಲಿ ಮುನ್ನೂರು ಎಕರೆಗೂ ಮಿಕ್ಕ ಕಾಡು ನೆಲವನ್ನು ಕೊಂಡನು. ಅದಕ್ಕೆ ವಾಯಿಲಿಮಾ ಎಂದು ಹೆಸರು.

ನೆಲ ಕೊಂಡ ಮೇಲೆ ಕಳೆ ಕೀಳದೆ ಉಂಟೆ? ಅಲ್ಲಿನ ಕಳೆಗಳಲ್ಲೆಲ್ಲ ಆತನಿಗೆ ಪರಮಶತ್ರುವಾದದ್ದು ನಮ್ಮ ಮಕ್ಕಳು ಬೆರಳು ತಾಕಿಸಿ ನಲಿಯುವ ಮುಟ್ಟಿದರೆ ಮುನಿ! ಯಾರೋ ಒಬ್ಬರು ಚೆಂದಕ್ಕೆಂದು ಕುಂಡದಲ್ಲಿ ತಂದಿಟ್ಟುಕೊಂಡ ಗಿಡ ದ್ವೀಪವನ್ನೆಲ್ಲ ಆವರಿಸಿತ್ತು. ಮುಳ್ಳು ಚುಚ್ಚಿಸಿಕೊಂಡು, ಕೆಸರಿನಲ್ಲಿ ಮಂಡಿಯೂರಿ ಗಂಟೆಗಟ್ಟಲೆ ಅದನ್ನು ಕೀಳುತ್ತಿದ್ದ ಸ್ಟೀವನ್ಸನ್, ಬರೆಹಕ್ಕಿಂತ ಈ ಕೆಲಸವೇ ಮನಸ್ಸಿಗೆ ಹೆಚ್ಚು ನೆಮ್ಮದಿ ಕೊಡುತ್ತದೆಂದು ಗೆಳೆಯನಿಗೆ ಕಾಗದ ಬರೆದನು. ಹಾಸಿಗೆ ಹಿಡಿದಿದ್ದವನು ಕುದುರೆಯೇರಿ ಪಟ್ಟಣಕ್ಕೆ ಹೋಗಿ ಬರುವಂತಾದನು. ಹವೆಯ ಗುಣ ಅದರಲ್ಲಿ ಇದ್ದೇ ಇತ್ತು. ಆದರೆ ಹವೆಯೊಂದೇ ಯಾರ ಕೈಗೂ ಮಚ್ಚು ಕೊಡುವುದಿಲ್ಲ.

ಇದಕ್ಕಿಂತ ಕಷ್ಟದ್ದು ಭಾಷೆ. ಇಂಗ್ಲಿಷ್ ಗದ್ಯದ ಶೈಲಿಕಾರನೆಂದು ಲೋಕವೇ ಕೊಂಡಾಡಿದ ಮನುಷ್ಯ, ನಲವತ್ತು ದಾಟಿದ ಮೇಲೆ, ವಿಟ್ಮಿ ಎಂಬ ಪಾದ್ರಿಯ ಮುಂದೆ ಕುಳಿತು ಸಮೋವನ್ ವ್ಯಾಕರಣ ಕಲಿತನು. ಆ ಭಾಷೆಯಲ್ಲಿ ನಾಯಕರೊಡನೆ ಆಡುವಾಗ ಬಳಸುವ ಮರ್ಯಾದೆಯ ಶಬ್ದಗಳೇ ಬೇರೆ, ತಪ್ಪಿದರೆ ಅವಮಾನ. ಬಹುವಚನದ ಬೆಲೆ ಬಲ್ಲ ಕನ್ನಡಿಗರಿಗೆ ಆ ಸಂಕಟವನ್ನು ವಿವರಿಸಬೇಕಾಗಿಲ್ಲ. ಆತನ ಸೀಸೆಯ ಭೂತದ ಕಥೆ 1891ರಲ್ಲಿ ಅಲ್ಲಿನ ಪಾದ್ರಿಗಳ ಪತ್ರಿಕೆಯಲ್ಲಿ ಸಮೋವನ್ ಭಾಷೆಯಲ್ಲಿ ಅಚ್ಚಾಯಿತು. ಕಲ್ಪಿತ ಕಥೆಯ ಅಭ್ಯಾಸವಿಲ್ಲದ ಓದುಗರು ಅದನ್ನು ನಿಜವೆಂದೇ ನಂಬಿ, ಮನೆಗೆ ಬಂದಾಗ ಆ ಸೀಸೆ ಎಲ್ಲಿದೆಯೆಂದು ಮೆಲ್ಲನೆ ವಿಚಾರಿಸುತ್ತಿದ್ದರಂತೆ.

ಪರದೇಶದ ಮನೆ ಎಲ್ಲರನ್ನೂ ಹೀಗೆ ಬದಲಿಸುತ್ತದೆಂದು ಭಾವಿಸಬಾರದು. ಉದಕಮಂಡಲದಲ್ಲಿ ಬಂಗಲೆ ಕಟ್ಟಿದ ಇಂಗ್ಲಿಷರು ಹಿತ್ತಿಲಲ್ಲಿ ತಮ್ಮೂರಿನ ಹೂ ಬೆಳೆಸಿ, ಬೇಟೆನಾಯಿಗಳೊಡನೆ ನಮ್ಮ ನರಿಗಳ ಬೆನ್ನುಹತ್ತಿ, ಇಂಗ್ಲೆಂಡಿನಲ್ಲೇ ಇದ್ದೇವೆಂದು ನಟಿಸುತ್ತ ಆಯುಷ್ಯ ಕಳೆದರು. ಪಕ್ಕದ ಮನೆಯವರ ಹೆಸರನ್ನೂ ಕೇಳದೆ ಪರದೇಶದಲ್ಲಿ ಹತ್ತು ವರ್ಷ ಬಾಳುವ ನಮ್ಮವರೂ ಇಲ್ಲದಿಲ್ಲ. ಸ್ಟೀವನ್ಸನ್‌ಗೂ ಈ ಚಾಪಲ್ಯವಿತ್ತು. ಬೆವರು ಬತ್ತದ ಆ ದ್ವೀಪದ ಮನೆಯಲ್ಲಿ ಸ್ಕಾಟ್ಲೆಂಡಿನಂತೆ ಅಗ್ಗಿಷ್ಟಿಕೆಯೊಂದನ್ನು ಕಟ್ಟಿಸಿದನು! ಹಡಗಿನಲ್ಲಿ ಮೇಜು ಕುರ್ಚಿ ಪಿಯಾನೋಗಳನ್ನು ತರಿಸಿದನು. ಖರ್ಚು ಏರುತ್ತ ಹೋಗಿ, ಮನೆಯನ್ನು ಸಾಕಲು ಬಿಡುವಿಲ್ಲದೆ ಬರೆಯಬೇಕಾಯಿತು. ಬರೆದು ಬರೆದು ಕೈ ಸೋತಾಗ ಮಲಮಗಳಿಗೆ ಹೇಳಿ ಬರೆಸಿದನು.

ಆದರೂ ನೆರೆಯವರ ಭಾಷೆ ಕಲಿತವನಿಗೆ ಅವರ ದುಃಖ ಕೇಳಿಸದೆ ಇರಲಿಲ್ಲ. ಜರ್ಮನಿ, ಬ್ರಿಟನ್, ಅಮೆರಿಕ ಮೂರೂ ಸೇರಿ ಸಮೋವಾದ ಮೇಲೆ ಯಜಮಾನಿಕೆ ನಡೆಸುತ್ತಿದ್ದ ಕಾಲವದು. ಸ್ಟೀವನ್ಸನ್ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಪತ್ರಗಳನ್ನು ಬರೆದು, 1892ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿ ಅಧಿಕಾರಿಗಳ ಅವಿವೇಕವನ್ನು ಬಯಲಿಗೆಳೆದನು. ಮರುವರ್ಷ ಯುದ್ಧ ನಡೆದು, ಸೋತ ಮತಾಫಾನ ಪಕ್ಷದ ನಾಯಕರು ಆಪಿಯಾದಲ್ಲಿ ಸೆರೆಯಾದಾಗ ಅವರಿಗೆ ಆಹಾರ, ಹೊಗೆಸೊಪ್ಪು ಒಯ್ದುಕೊಟ್ಟು ಅವರನ್ನು ನೋಡಿಕೊಂಡನು. ಬಿಡುಗಡೆಯಾದ ನಾಯಕರು 1894ರಲ್ಲಿ, ಕೂಲಿ ಬೇಡೆಂದು, ಹೆದ್ದಾರಿಯಿಂದ ವಾಯಿಲಿಮಾದವರೆಗೆ ತಮ್ಮ ಕೈಯಾರೆ ರಸ್ತೆ ಮಾಡಿಕೊಟ್ಟರು. ಪ್ರೀತಿಯ ಹೃದಯಗಳ ದಾರಿ ಎಂದು ಅದಕ್ಕೆ ಹೆಸರಾಯಿತು.

ಔತಣದ ದಿನ ಆತ ಆ ನಾಯಕರಿಗೆ ಹೇಳಿದ ಮಾತಿನ ಸಾರವಿಷ್ಟು: ರಸ್ತೆ ಮಾಡಿ, ನೆಲ ಉತ್ತು ಬೆಳೆ ತೆಗೆಯಿರಿ, ಇಲ್ಲವಾದರೆ ಪರರು ಬಂದು ಅದನ್ನು ಕಿತ್ತುಕೊಳ್ಳುವರು. ಐರ್ಲೆಂಡಿನಲ್ಲಿಯೂ ತನ್ನ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿಯೂ ಹಾಗೆ ನೆಲ ಕಳೆದುಕೊಂಡವರ ನೆನಪನ್ನು ಮುಂದಿಟ್ಟನು. ಮುನ್ನೂರು ಎಕರೆ ಕೊಂಡು ಕುಳಿತ ಬಿಳಿಯನ ಬಾಯಲ್ಲಿ ಈ ಮಾತು ವಿಚಿತ್ರವಾಗಿ ಕೇಳಬಹುದು. ಆದರೆ ಕೊಂಡವನಾದ್ದರಿಂದಲೇ ಆ ದ್ವೀಪದಲ್ಲಿ ನೆಲ ಹೇಗೆ ಕೈ ಬದಲಿಸುತ್ತದೆಂಬುದನ್ನು ಆತ ಹತ್ತಿರದಿಂದ ಬಲ್ಲವನಾಗಿದ್ದನು.

ಆ ವೇಳೆಗೆ ಆತ ‘ವಿಯರ್ ಆಫ್ ಹರ್ಮಿಸ್ಟನ್’ ಎಂಬ ಕಾದಂಬರಿಯನ್ನು ಬರೆಸುತ್ತಿದ್ದನು. ಅದು ಸಂಪೂರ್ಣ ಸ್ಕಾಟ್ಲೆಂಡಿನ ಕಥೆ. ಆತನ ಶ್ರೇಷ್ಠ ಕೃತಿ ಇದೇ ಎಂದು ಅನೇಕ ವಿಮರ್ಶಕರ ಮತ. ಸಾವಿರಾರು ಮೈಲಿ ದೂರದ ಈ ಮನೆಯಲ್ಲಿ ಕುಳಿತವನಿಗೆ ಹುಟ್ಟೂರು ಎಂದಿಗಿಂತಲೂ ಸ್ಪಷ್ಟವಾಗಿ ಕಂಡಿತು. 1894ರ ಡಿಸೆಂಬರ್ 3ರ ಬೆಳಿಗ್ಗೆಯೂ ಅದರ ಕೆಲಸ ನಡೆಯಿತು. ಸಂಜೆ ಅಡಿಗೆಯಲ್ಲಿ ಹೆಂಡತಿಗೆ ನೆರವಾಗುತ್ತಿದ್ದಾಗ ತಟಕ್ಕನೆ ಕುಸಿದು, ರಾತ್ರಿ ತೀರಿಕೊಂಡನು. ಬಹುಕಾಲ ಹೆದರಿಸಿದ ಶ್ವಾಸಕೋಶ ಇದಕ್ಕೆ ಕಾರಣವಲ್ಲ, ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ಆಗ ವಯಸ್ಸು ನಲವತ್ತನಾಲ್ಕು.

ತನ್ನನ್ನು ವಾಯಿಯಾ ಬೆಟ್ಟದ ತುದಿಯಲ್ಲಿ ಹೂಳಬೇಕೆಂಬುದು ಆತನ ಬಯಕೆಯಾಗಿತ್ತು. ಅಲ್ಲಿಗೆ ದಾರಿಯೇ ಇರಲಿಲ್ಲ. ಸುದ್ದಿ ಕೇಳಿ ನೆರೆದ ಸಮೋವನರು ಮಚ್ಚು ಕೊಡಲಿಗಳನ್ನು ಹಿಡಿದು ಕಡಿದಾದ ಕಾಡಿನಲ್ಲಿ ದಾರಿ ಕಡಿದರು. ಮರುದಿನ ಮಧ್ಯಾಹ್ನ ಶವಪೆಟ್ಟಿಗೆಯನ್ನು ಹೆಗಲಿಂದ ಹೆಗಲಿಗೆ ಬದಲಿಸುತ್ತ ತುದಿಗೆ ಹೊತ್ತರು.