ನಾವಿಕನು ನೌಕಾಧಿಪತಿಯಾಗಬಲ್ಲನೆ?

ಬಸವಕಲ್ಯಾಣದ ಸಮೀಪದ ನಾರಾಯಣಪುರಕ್ಕೂ ಸಮುದ್ರಕ್ಕೂ ಬಹಳ ದೂರ. ಚಾಲುಕ್ಯರ ಕಾಲದ ಶಿವಾಲಯವುಳ್ಳ ಆ ಹಳ್ಳಿಯ ಒಕ್ಕಲಿಗನ ಮಗನೊಬ್ಬನು ನೌಕಾದಳದ ಕೆಳಗಿನ ಪಂಕ್ತಿಯಲ್ಲಿ ಸೇರಿದನೆನ್ನೋಣ. ಅವನು ಎಲ್ಲಿಯವರೆಗೆ ಏರಬಲ್ಲನು? ಈ ಪ್ರಶ್ನೆಯನ್ನು ಕೇಳುವುದು ಪ್ರಜೆಗಳ ಹಕ್ಕು. ಉತ್ತರ ಕೊಡುವುದು ಸರಕಾರದ ಕರ್ತವ್ಯ.

ಅಮೇರಿಕೆಯು ಇದಕ್ಕೆ ಒಮ್ಮೆ ಉತ್ತರವಿತ್ತಿದೆ. ಜೆರೆಮಿ ಮೈಕೆಲ್ ಬೂರ್ಡಾ ಎಂಬವರು 1956ರಲ್ಲಿ, ಪ್ರಾಯವು ಸಾಲದಿದ್ದರೂ ಹೆಚ್ಚಾಗಿ ಹೇಳಿ, ಅಲ್ಲಿಯ ನೌಕಾದಳದಲ್ಲಿ ಸಾಮಾನ್ಯ ನಾವಿಕರಾಗಿ ಸೇರಿದರು. ಸಿಬ್ಬಂದಿಯ ಕಾಗದಪತ್ರಗಳನ್ನು ನೋಡಿಕೊಳ್ಳುವ ಗುಮಾಸ್ತಿಕೆ ಅವರ ಪಾಲಿಗೆ ಬಂದಿತು. ಆರು ವರುಷ ದುಡಿದ ಮೇಲೆ, ಯೋಗ್ಯ ನಾವಿಕರನ್ನು ಮೇಲೆತ್ತುವ ಯೋಜನೆಯ ಮೂಲಕ ಅಧಿಕಾರಿಗಳ ಶಾಲೆಯನ್ನು ಹೊಕ್ಕು, 1962ರಲ್ಲಿ ಅಧಿಕಾರಿಯಾದರು. 1994ರ ಏಪ್ರಿಲಿನಲ್ಲಿ ಇಡೀ ನೌಕಾದಳದ ಮುಖ್ಯಸ್ಥರಾದರು. ಕೆಳಗಿನ ಪಂಕ್ತಿಯಿಂದ ಹೊರಟು ಆ ಪೀಠವನ್ನೇರಿದವರಲ್ಲಿ ಅವರೇ ಮೊದಲಿಗರು. ಏರಿದವರು ಏಣಿಯನ್ನು ಒದೆಯಲಿಲ್ಲ. ನಾವಿಕರನ್ನು ಅಧಿಕಾರಿಗಳನ್ನಾಗಿ ಮಾಡುವ ಹಳೆಯ ಯೋಜನೆಗೆ ಮರುಜೀವ ಕೊಟ್ಟರು. ತಾವು ಧರಿಸಿದ್ದ ಪದಕಚಿಹ್ನೆಗಳ ವಿಷಯದಲ್ಲಿ ಪ್ರಶ್ನೆಯೆದ್ದಾಗ, 1996ರ ಮೇ ತಿಂಗಳಿನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡದ್ದು ಶೋಚನೀಯವೇ ಸರಿ. ಆದರೆ ಅವರು ನಿಲ್ಲಿಸಿದ ಏಣಿಯು ಬೀಳಲಿಲ್ಲ.

ನಮ್ಮ ನಾವಿಕರಲ್ಲಿ ಅಂಥ ಸತ್ತ್ವವಿಲ್ಲವೆಂದು ಯಾರು ಹೇಳಬಲ್ಲರು? 1946ರ ಫೆಬ್ರವರಿ 18ರಂದು ಮುಂಬಯಿಯ ‘ತಲ್ವಾರ್’ ಕೇಂದ್ರದಲ್ಲಿ ನಾವಿಕರು ಮುಷ್ಕರ ಹೂಡಿದುದು ಕೆಟ್ಟ ಅನ್ನದ ಸಲುವಾಗಿ ಮಾತ್ರವಲ್ಲ. ಬ್ರಿಟಿಷ್ ನಾವಿಕನಿಗೊಂದು, ಭಾರತೀಯನಿಗೊಂದು ಎಂಬ ಸಂಬಳದ ಭೇದವನ್ನೂ ಅಧಿಕಾರಿಗಳ ಬೈಗುಳನ್ನೂ ಅವರು ಸಹಿಸದಾದರು. ಸಾವಿರಾರು ಜನರ ಮುಂದಾಳುಗಳಾಗಿ ನಿಂತ ಎಂ. ಎಸ್. ಖಾನ್, ಮದನಸಿಂಗ್ ಇಬ್ಬರೂ ಅಧಿಕಾರಿಗಳಲ್ಲ, ಕೆಳಗಿನ ಪಂಕ್ತಿಯವರೇ. ನಾಯಕತ್ವವು ಹಡಗಿನ ಮೇಲಂತಸ್ತಿನಲ್ಲಿ ಮಾತ್ರ ಹುಟ್ಟುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಸ್ವತಂತ್ರ ಭಾರತದ ನೌಕಾದಳವು ಯೋಗ್ಯ ನಾವಿಕರಿಗೆ ಅಧಿಕಾರಿಗಳಾಗುವ ದಾರಿಯನ್ನು ತೆರೆದಿರಿಸಿತೆಂಬುದು ಸಂತೋಷದ ಸಂಗತಿ. ಆದರೆ 2022ರ ಜೂನ್ 14ರಂದು ಸಾರಲಾದ ಅಗ್ನಿಪಥ ಯೋಜನೆಯಂತೆ ಹೊಸ ನಾವಿಕನ ಸೇವೆಯು ನಾಲ್ಕೇ ವರುಷ. ಅನಂತರ ಉಳಿಯತಕ್ಕವರು ನೂರಕ್ಕೆ ಇಪ್ಪತ್ತೈದನ್ನು ಮೀರರು. ದಳವು ತರುಣವಾಗಿರಬೇಕೆಂಬ ಸರಕಾರದ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೂರ್ಡಾರಂಥವರಿಗೂ ಅಧಿಕಾರಿಯಾಗಲು ಆರು ವರುಷಗಳು ಬೇಕಾದುವು. ನಾಲ್ಕನೆಯ ವರುಷದಲ್ಲಿ ಇಡಿಗಂಟು ಹಿಡಿದು ಊರಿಗೆ ಮರಳುವವನು ಏಣಿಯ ಮೊದಲ ಮೆಟ್ಟಿಲನ್ನಷ್ಟೇ ಕಂಡಂತಾಯಿತು. ಅವನಲ್ಲಿ ಅಡಗಿದ್ದ ನೌಕಾಧಿಪತಿಯನ್ನು ದೇಶವು ಅರಿಯುವ ಬಗೆ ಹೇಗೆ?

ಆದುದರಿಂದ ನಮ್ಮ ಸೂಚನೆಯು ಇಷ್ಟೆ. ಅಗ್ನಿವೀರರಲ್ಲಿ ಯೋಗ್ಯರಾದವರನ್ನು ನಾಲ್ಕು ವರುಷ ತುಂಬುವ ಮೊದಲೇ ಗುರುತಿಸಿ, ಅಧಿಕಾರಿಗಳ ಆಯ್ಕೆಗೆ ಕಳುಹಿಸತಕ್ಕದ್ದು. ಅವರಿಗಾಗಿ ಇಂತಿಷ್ಟು ಸ್ಥಾನಗಳನ್ನು ನಿಯಮದಿಂದಲೇ ಗೊತ್ತುಮಾಡತಕ್ಕದ್ದು. ಇದು ದಾನವಲ್ಲ, ದೇಶದ ಸ್ವಾರ್ಥವೇ ಆಗಿದೆ.

ಕಲ್ಯಾಣದ ನೆಲಕ್ಕೆ ಈ ಮಾತು ಹೊಸದಲ್ಲ. ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯನು ರಾಜಮಂತ್ರಿಯಾದ ಬಸವಣ್ಣನೊಡನೆ ಶರಣರ ಸಾಲಿನಲ್ಲಿ ಸರಿಸಮನಾಗಿ ನಿಂತನು. ಹನ್ನೆರಡನೆಯ ಶತಮಾನದಲ್ಲಿ ಕಾಯಕಕ್ಕೆ ಸಂದ ಆ ಮನ್ನಣೆಯು ಇಂದಿನ ನಾರಾಯಣಪುರದ ತರುಣನಿಗೂ ಸಲ್ಲಬೇಡವೆ?