ಚರ್ಮರೋಗಕ್ಕೆ ಜೀನ್ ಜೆಲ್: ಕೊಪ್ಪಳದ ಮಕ್ಕಳಿಗೆ ಎಷ್ಟು ದೂರ?

ಕೊಪ್ಪಳ: ಮಗುವನ್ನು ಎತ್ತಿಕೊಂಡರೂ ಮೈಮೇಲೆ ಗುಳ್ಳೆ ಎದ್ದು ಚರ್ಮ ಸುಲಿಯುವ ಅಪರೂಪದ ಆನುವಂಶಿಕ ಕಾಯಿಲೆ ಎಪಿಡರ್ಮೊಲೈಸಿಸ್ ಬುಲ್ಲೋಸಾ. ಇದರ ಡಿಸ್ಟ್ರೋಫಿಕ್ ಎಂಬ ಬಗೆಗೆ ಗಾಯದ ಮೇಲೆಯೇ ಹಚ್ಚುವ ಜೀನ್ ಚಿಕಿತ್ಸೆ ಬಂದಿದೆ. 'ವೈಜುವೆಕ್' ಹೆಸರಿನ ಈ ಜೆಲ್‌ಗೆ ಅಮೆರಿಕವು 2023ರ ಮೇ ತಿಂಗಳಲ್ಲಿ ಅನುಮತಿ ನೀಡಿತು. 2025ರಲ್ಲಿ ಐರೋಪ್ಯ ಒಕ್ಕೂಟ ಹಾಗೂ ಜಪಾನ್ ಸಹ ಒಪ್ಪಿಗೆ ಸೂಚಿಸಿದವು.

ಚರ್ಮದ ಮೇಲ್ಪದರವನ್ನು ಕೆಳಪದರಕ್ಕೆ ಬಿಗಿದು ಹಿಡಿಯುವುದು ಕೊಲಾಜೆನ್-7 ಎಂಬ ಪ್ರೋಟೀನು. ಅದನ್ನು ತಯಾರಿಸುವ ಜೀನ್ ಕೆಟ್ಟಾಗ ಈ ಬಗೆಯ ಕಾಯಿಲೆ ಉಂಟಾಗುತ್ತದೆ. ನಿರುಪದ್ರವಿಯಾಗುವಂತೆ ಮಾರ್ಪಡಿಸಿದ ಹರ್ಪಿಸ್ ವೈರಾಣುವಿನ ಮೂಲಕ ಸರಿಯಾದ ಜೀನನ್ನು ಜೆಲ್ ಗಾಯದ ಜೀವಕೋಶಗಳಿಗೆ ತಲುಪಿಸುತ್ತದೆ. 31 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಆರು ತಿಂಗಳ ಬಳಿಕ ಔಷಧ ಹಚ್ಚಿದ ಗಾಯಗಳಲ್ಲಿ ಶೇ 67ರಷ್ಟು ಪೂರ್ಣ ಮಾಗಿದ್ದವು. ಔಷಧವಿಲ್ಲದ ಜೆಲ್ ಹಚ್ಚಿದ ಗಾಯಗಳಲ್ಲಿ ಮಾಗಿದ್ದು ಶೇ 22 ಮಾತ್ರ. ಆದರೆ ಜೀನ್ ಜೀವಕೋಶದ ಡಿಎನ್‌ಎಯಲ್ಲಿ ಬೆರೆಯುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಮತ್ತೆ ಮತ್ತೆ ಹಚ್ಚಬೇಕು.

ತೊಡಕಿರುವುದು ಇಲ್ಲಿಯೇ. ಅಮೆರಿಕದ ಮಾರುಕಟ್ಟೆಗೆ ಬಂದಾಗ ಒಂದು ಸೀಸೆಯ ಬೆಲೆ 24,250 ಡಾಲರ್, ಅಂದರೆ ಸುಮಾರು 20 ಲಕ್ಷ ರೂಪಾಯಿ. ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ, ಪಟ್ಟಿಯಲ್ಲಿರುವ ಕಾಯಿಲೆಗೆ ದೊರೆಯುವ ಗರಿಷ್ಠ ನೆರವು 50 ಲಕ್ಷ ರೂಪಾಯಿ. ಅಷ್ಟು ಹಣ ಪೂರ್ತಿ ಸಿಕ್ಕರೂ ಆ ದರದಲ್ಲಿ ಎರಡು ಸೀಸೆಗಿಂತ ಹೆಚ್ಚು ಬಾರದು.

ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕುಟುಂಬಗಳಿಗೆ ರೋಗಪತ್ತೆಯೇ ಮೊದಲ ಸವಾಲು. ಈ ನೀತಿಯಡಿ ಗುರುತಿಸಲಾದ ಉತ್ಕೃಷ್ಟತಾ ಕೇಂದ್ರವಿರುವುದು ಕೊಪ್ಪಳದಿಂದ ಸುಮಾರು 350 ಕಿ.ಮೀ. ದೂರದ ಬೆಂಗಳೂರಿನಲ್ಲಿ. ರಾಜ್ಯದಲ್ಲಿ ಕಾಲು ಭಾಗದಷ್ಟು ಮದುವೆಗಳು ರಕ್ತಸಂಬಂಧದಲ್ಲೇ ನಡೆಯುತ್ತವೆ ಎಂಬುದನ್ನೂ ಮರೆಯುವಂತಿಲ್ಲ. ಈ ಕಾಯಿಲೆಯ ತೀವ್ರ ರೂಪದಲ್ಲಿ ತಂದೆ-ತಾಯಿ ಇಬ್ಬರೂ ದೋಷಯುಕ್ತ ಜೀನಿನ ವಾಹಕರಾಗಿದ್ದರೆ, ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ಶೇ 25. ಸೋದರಮಾವ ಅಥವಾ ಅತ್ತೆಯ ಮಗನೊಂದಿಗಿನ ವಿವಾಹದಲ್ಲಿ ಇಬ್ಬರೂ ಒಂದೇ ದೋಷವನ್ನು ಹೊತ್ತಿರುವ ಸಾಧ್ಯತೆ ಹೆಚ್ಚು. ಕುಟುಂಬದ ಜೀನ್ ದೋಷ ಗೊತ್ತಾದರೆ ಮುಂದಿನ ಗರ್ಭದಲ್ಲಿಯೇ ಪರೀಕ್ಷೆ ಸಾಧ್ಯ.

ದುಬಾರಿ ಜೆಲ್ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಗಾಯಕ್ಕೆ ಅಂಟದ ಪಟ್ಟಿ, ಸೋಂಕಿನ ತಡೆ, ಪೌಷ್ಟಿಕ ಆಹಾರ ಮಗುವಿನ ನೋವನ್ನು ಬಹುಮಟ್ಟಿಗೆ ತಗ್ಗಿಸುತ್ತವೆ. ಆ ಪಟ್ಟಿಗಳು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗುವಂತಾದರೆ, ವಂಶವಾಹಿ ಸಮಾಲೋಚನೆ ಕೊಪ್ಪಳದ ವೈದ್ಯಕೀಯ ಕಾಲೇಜಿನಲ್ಲೇ ದೊರೆತರೆ, ಅರ್ಧ ದಾರಿ ಸವೆದಂತೆ. ಉಳಿದರ್ಧ ದಾರಿ ಬೆಲೆಯದು. ಅದನ್ನು ತಗ್ಗಿಸಲು ಉತ್ಪಾದಕರೊಂದಿಗೆ ಚೌಕಾಸಿ ಮಾಡಬೇಕಾದುದು ಸರ್ಕಾರದ ಹೊಣೆ.