ಸಾರದಿಂದ ಧಾನ್ಯಕ್ಕೆ: ಉಳಿತಾಯದ ಲೆಕ್ಕ ಎಲ್ಲಿ ತಪ್ಪುತ್ತದೆ?

ಅರೆಸಿದ್ಧ ಸಾಮಗ್ರಿಯನ್ನು ಕೊಳ್ಳುವುದಕ್ಕಿಂತ ಮೂಲವಸ್ತುವನ್ನೇ ತಂದು ಸಂಸ್ಕರಿಸಿದರೆ ಲಾಭ ಹೆಚ್ಚು ಎಂಬ ನಂಬಿಕೆ ಸಣ್ಣ ಉದ್ದಿಮೆದಾರರಲ್ಲಿ ಬೇರೂರಿದೆ. ಇದು ಅರ್ಧಸತ್ಯ. ಉಳಿದರ್ಧವನ್ನು ಅಮೆರಿಕದ ಮನೆಬಿಯರ್ ತಯಾರಕರ ಅನುಭವ ಮನಗಾಣಿಸುತ್ತದೆ.

ಸ್ವಂತ ಬಳಕೆಗೆ ಮನೆಯಲ್ಲಿ ತಯಾರಿಸುವ ಬಿಯರಿಗೆ ಅಲ್ಲಿ ತೆರಿಗೆ ವಿನಾಯಿತಿ ನೀಡಿದ ಶಾಸನಕ್ಕೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದರು. ಈ ಹವ್ಯಾಸದಿಂದ ದೊಡ್ಡ ಉದ್ಯಮಗಳೂ ಬೆಳೆದವು. 1976ರಲ್ಲಿ ಕ್ಯಾಲಿಫೋರ್ನಿಯಾದ ಚಿಕೋದಲ್ಲಿ ಮನೆಬಿಯರ್ ಸಾಮಗ್ರಿಗಳ ಅಂಗಡಿ ತೆರೆದ ಕೆನ್ ಗ್ರಾಸ್‌ಮನ್ ಮುಂದೆ ಸಿಯೆರಾ ನೆವಾಡಾ ಬ್ರೂವರಿಯ ಸಹಸ್ಥಾಪಕರಾದರು.

ಹೊಸಬರು ಸಾಮಾನ್ಯವಾಗಿ ಮಾಲ್ಟ್ ಸಾರವನ್ನು ಬಳಸುತ್ತಾರೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿಯನ್ನು ಕಾರ್ಖಾನೆಯಲ್ಲೇ ಇಳಿಸಿ, ಪಾಕ ಅಥವಾ ಪುಡಿಯಾಗಿಸಿದ ವಸ್ತುವದು. ಪಳಗಿದವರು ಅದೇ ಪಾಕಸೂತ್ರವನ್ನು ಧಾನ್ಯಕ್ಕೆ ಪರಿವರ್ತಿಸುತ್ತಾರೆ. ಧಾನ್ಯ ಅಗ್ಗ; ರುಚಿಯ ಹತೋಟಿಯೂ ಅವರ ಕೈಯಲ್ಲೇ ಉಳಿಯುತ್ತದೆ.

ತಪ್ಪುವುದು ಪ್ರಮಾಣದಲ್ಲಿ. 20 ಲೀಟರ್ ಬಿಯರಿಗೆ 3 ಕಿಲೋ ಒಣಸಾರ ಬೇಕೆಂದಿಟ್ಟುಕೊಳ್ಳೋಣ. ಧಾನ್ಯದಲ್ಲಿರುವ ಸತ್ತ್ವದ ಶೇಕಡಾ 75ರಷ್ಟನ್ನು ಇಳಿಸಬಲ್ಲವನಿಗೆ ಸುಮಾರು 4.8 ಕಿಲೋ ಮಾಲ್ಟ್ ಸಾಕು. ಶೇಕಡಾ 60ರಷ್ಟನ್ನು ಮಾತ್ರ ಇಳಿಸಬಲ್ಲವನಿಗೆ ಸುಮಾರು 6 ಕಿಲೋ ಬೇಕು. ಸೂತ್ರ ಒಂದೇ, ಧಾನ್ಯವೂ ಒಂದೇ. ವೆಚ್ಚದಲ್ಲಿ ಮಾತ್ರ ಕಾಲುಭಾಗದಷ್ಟು ಅಂತರ. ಈ ಅಂತರ ಧಾನ್ಯವನ್ನು ಒಡೆಯುವ ಹದ, ಬಿಸಿನೀರಿನ ಉಷ್ಣತೆ, ಸೋಸಿ ತೊಳೆಯುವ ಕ್ರಮ ಇವುಗಳಲ್ಲಿ ಅಡಗಿದೆ.

ಮೇಲಿನ ಖರ್ಚುಗಳೂ ಇವೆ. ಧಾನ್ಯವನ್ನು 65ರಿಂದ 68 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಮಾರು ಒಂದು ಗಂಟೆ ನೆನೆಸಿಡಬೇಕು. ಪ್ರತಿ ಕಿಲೋ ಧಾನ್ಯ ಸುಮಾರು ಒಂದು ಲೀಟರ್ ನೀರನ್ನು ಹೀರಿಕೊಂಡು ಮರಳಿ ಕೊಡುವುದಿಲ್ಲ. ಸಾರವನ್ನು ಸ್ವಲ್ಪ ನೀರಿನಲ್ಲಿ ಕುದಿಸಿ ಅನಂತರ ತಣ್ಣೀರು ಬೆರೆಸಬಹುದು. ಧಾನ್ಯದ ರಸವನ್ನಾದರೋ ಪೂರ್ತಿ ಕುದಿಸಬೇಕು. ಆದ್ದರಿಂದ ದೊಡ್ಡ ಪಾತ್ರೆ, ಹೆಚ್ಚು ಇಂಧನ, ಹೆಚ್ಚು ಹೊತ್ತು ಅನಿವಾರ್ಯ. ತೆಳುರಸದಲ್ಲಿ ಹಾಪ್ಸ್‌ನ ಕಹಿ ಹೆಚ್ಚಾಗಿ ಇಳಿಯುವುದರಿಂದ ಅದರ ಪ್ರಮಾಣವನ್ನೂ ತಗ್ಗಿಸಬೇಕಾದೀತು.

ಇಷ್ಟನ್ನೂ ಎಣಿಸದೆ ಕೊಳ್ಳುವ ದರವನ್ನಷ್ಟೇ ಹೋಲಿಸುವುದು ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡಂತೆಯೇ ಸರಿ. ಹಾಗೆಂದು ಪರಿವರ್ತನೆ ಬೇಡವೆಂದಲ್ಲ. ವಿವೇಕಿಗಳು ಮೊದಲು ಭಾಗಶಃ ಧಾನ್ಯ, ಭಾಗಶಃ ಸಾರ ಬಳಸಿ ತಮ್ಮ ಇಳುವರಿಯನ್ನು ಅಳೆಯುತ್ತಾರೆ. ಪೂರ್ಣ ಧಾನ್ಯಕ್ಕೆ ಬಂದ ಮೇಲೂ ಕೊರತೆ ತುಂಬಲು ಕೊಂಚ ಒಣಸಾರವನ್ನು ದಾಸ್ತಾನಿಟ್ಟಿರುತ್ತಾರೆ.

ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವಂತಿಲ್ಲವಾದ್ದರಿಂದ ಇಲ್ಲಿ ಅನುಕರಿಸಬೇಕಾದುದು ಆ ಪಾನೀಯವನ್ನಲ್ಲ, ಆ ಲೆಕ್ಕದ ಶಿಸ್ತನ್ನು. ಮಸಾಲೆಪುಡಿಯಿರಲಿ, ರಾಗಿ ಮಾಲ್ಟ್ ಇರಲಿ, ಸಿದ್ಧವಸ್ತುವನ್ನು ಬಿಟ್ಟು ಮೂಲವಸ್ತುವಿಗೆ ಹೊರಳುವ ಉದ್ದಿಮೆದಾರನು ಪೇಟೆಯ ದರಪಟ್ಟಿಗಿಂತ ಮೊದಲು ತನ್ನ ಘಟಕದ ಇಳುವರಿಯನ್ನು ಅರಿಯುವುದು ಕ್ಷೇಮಕರ.